ಎರಡು ಚೈನ್ ನಡುವಿನ ಕಾಂಟ್ಯಾಕ್ಟ್‌ಗಳಲ್ಲಿ ಮುಖ್ಯವಾದವೇ ಮಾಯ: 25ಕ್ಕೂ 25ಕ್ಕೂ ಯಾಕೆ ಸಿಗುತ್ತಿಲ್ಲ?

ಸುರುಳಿ:
ಎಲ್ಲರಿಗೂ ನಮಸ್ಕಾರ. ಎಚ್‌ಐವಿ ವೈರಸ್‌ನ ಪ್ರೋಟಿಯೇಸ್ ಎಂಬ ಎಂಜೈಮ್‌ನ 1ಎಚ್‌ಎಸ್‌ಜಿ ಫೈಲ್ (ಪ್ರೋಟೀನ್ ರಚನೆಗಳ ಸಂಗ್ರಹವಾದ ಪಿಡಿಬಿಯದು) ಇಟ್ಟುಕೊಂಡು ಯಾವ ರೆಸಿಡ್ಯೂ (ಚೈನ್‌ನ ಒಂದೊಂದು ಅಮೈನೋ ಆಮ್ಲ) ಯಾವುದಕ್ಕೆ ತಾಗಿಕೊಂಡಿದೆ ಅಂತ ಪಟ್ಟಿ ಮಾಡುತ್ತಿದ್ದೇನೆ. ಪೈಥಾನ್ ಲೈಬ್ರರಿ ಬಯೋಪೈಥಾನ್‌ನಲ್ಲಿ ಹತ್ತಿರದ ಪರಮಾಣು ಹುಡುಕುವ ನೇಬರ್‌ಸರ್ಚ್ ಬಳಸಿದ್ದೇನೆ. ಹೈಡ್ರೋಜನ್ ಬಿಟ್ಟು ಬೇರೆ ಯಾವುದೇ ಎರಡು ಪರಮಾಣು 4.5 ಆಂಗ್‌ಸ್ಟ್ರಾಮ್ ಒಳಗಿದ್ದರೆ ಕಾಂಟ್ಯಾಕ್ಟ್ ಎಂದು ಲೆಕ್ಕ. ಪಕ್ಕಪಕ್ಕದ ರೆಸಿಡ್ಯೂಗಳು ಸುಮ್ನೆ ಪಟ್ಟಿ ತುಂಬುತ್ತವೆ ಅಂತ, ನಂಬರ್‌ಗಳ ವ್ಯತ್ಯಾಸ 6ಕ್ಕಿಂತ ಕಡಿಮೆ ಇದ್ದರೆ ಆ ಜೋಡಿಯನ್ನು ತೆಗೆದುಹಾಕುತ್ತೇನೆ.

ಎಂಜೈಮ್‌ನ ಒಂದೇ ಥರದ ಎರಡು ಪ್ರೋಟೀನ್ ಚೈನ್‌ಗಳಾದ ಎ ಮತ್ತು ಬಿ ನಡುವೆ ಕೆಲವು ಸರಿಯಾಗೇ ಬರುತ್ತಿವೆ. ಒಂದರ ಪ್ರೋಲಿನ್ 1ಕ್ಕೂ ಇನ್ನೊಂದರ ಫಿನೈಲ್‌ಅಲನಿನ್ 99ಕ್ಕೂ ಸಿಕ್ಕಿದೆ. ಆರ್ಜಿನಿನ್ 8 ಮತ್ತು ಆಸ್ಪಾರ್ಟೇಟ್ 29 ಕೂಡ ಇದೆ. ಆದರೆ ಎಂಜೈಮ್‌ನ ಕೆಲಸವೇ ನಡೆಯುವ ಆಸ್ಪಾರ್ಟೇಟ್ 25ರ ಜೋಡಿ ಇಲ್ಲ! ಥ್ರಿಯೋನಿನ್ 26ರ ಜೋಡಿಯೂ ಇಲ್ಲ. ಕಟಾಫ್ (ದೂರದ ಮಿತಿ) 6 ಆಂಗ್‌ಸ್ಟ್ರಾಮ್ ಮಾಡಿ ನೋಡಿದೆ, ಆಗಲೂ ಇಲ್ಲ. ಇನ್ನೂ ವಿಚಿತ್ರ ಅಂದರೆ, ಇದೇ ಎಂಜೈಮ್‌ನ ಬೇರೊಂದು ಪಿಡಿಬಿ ಫೈಲ್‌ಗೆ ಇದೇ ಕೋಡ್ ಓಡಿಸಿದರೆ ಎಲ್ಲವೂ ಬರುತ್ತವೆ. ಹಾಗಾದರೆ 1ಎಚ್‌ಎಸ್‌ಜಿ ಫೈಲೇ ಕೆಟ್ಟಿದೆಯಾ?

ಹಾಳೆಬೀಟಾ:
ಮೊದಲು ಫೈಲ್‌ನಲ್ಲಿ ಪೂರ್ತಿ ಡೈಮರ್ (ಎರಡು ಚೈನ್‌ಗಳ ಜೋಡಿ) ಇದೆಯಾ ನೋಡಿ. ಎಷ್ಟೋ ಸಲ ಪಿಡಿಬಿ ಫೈಲ್‌ನಲ್ಲಿ ಇರುವುದು ಅಸಿಮೆಟ್ರಿಕ್ ಯೂನಿಟ್ (ಹರಳಿನಲ್ಲಿ ಮರುಕಳಿಸುವ ಚಿಕ್ಕ ತುಣುಕು) ಮಾತ್ರ. ಹಿಮೋಗ್ಲೋಬಿನ್‌ನ 1ಎಚ್‌ಎಚ್‌ಒ ತೆಗೆದರೆ ನಾಲ್ಕು ಚೈನ್ ಬದಲು ಎರಡೇ ಇರುತ್ತವೆ. ಉಳಿದರ್ಧವನ್ನು ಸಿಮೆಟ್ರಿಯಿಂದ ಕಟ್ಟಿಕೊಳ್ಳಬೇಕು. ಪೂರ್ತಿ ಜೋಡಿಸಿದ ಬಯಾಲಜಿಕಲ್ ಅಸೆಂಬ್ಲಿ ಫೈಲ್ ಇಳಿಸಿಕೊಂಡರೆ ಆ ತಲೆನೋವು ಇರುವುದಿಲ್ಲ.

ಸುರುಳಿ:
ಧನ್ಯವಾದ, ಆದರೆ ಇಲ್ಲಿ ಎ, ಬಿ ಎರಡೂ ಚೈನ್ ಇವೆ, ತಲಾ 99 ರೆಸಿಡ್ಯೂ. ಅಣುಗಳನ್ನು ತೋರಿಸುವ ಪೈಮಾಲ್ ಸಾಫ್ಟ್‌ವೇರ್‌ನಲ್ಲಿ ತೆರೆದು ಎರಡು ಆಸ್ಪಾರ್ಟೇಟ್ 25ರ ಆಕ್ಸಿಜನ್‌ಗಳ ನಡುವೆ ಅಳೆದೆ. 3 ಆಂಗ್‌ಸ್ಟ್ರಾಮ್ ಆಸುಪಾಸಿನಲ್ಲಿವೆ. ಕಣ್ಣಿಗೆ ಕಾಣುತ್ತದೆ, ಕೋಡ್‌ಗೆ ಕಾಣುವುದಿಲ್ಲ.

ಎಳೆಗಾರ:
ಫೈಲ್ ಚೆನ್ನಾಗಿಯೇ ಇದೆ. ನಿಮ್ಮ ಎರಡನೇ ಫೈಲ್‌ನಲ್ಲಿ ಬಿ ಚೈನ್‌ನ ನಂಬರ್ ಎಲ್ಲಿಂದ ಶುರುವಾಗುತ್ತದೆ? 101ರಿಂದ ಅಂತ ನನ್ನ ಊಹೆ.

ಸುರುಳಿ:
ಹೌದು! 101ರಿಂದ 199. ಹೇಗೆ ಗೊತ್ತಾಯಿತು?

ಎಳೆಗಾರ:
ನೀವು ಬರೆದ 6ರ ಫಿಲ್ಟರ್‌ನಿಂದ. 1ಎಚ್‌ಎಸ್‌ಜಿಯಲ್ಲಿ ಎರಡೂ ಚೈನ್‌ಗೆ 1ರಿಂದ 99 ಅಂತಲೇ ನಂಬರ್. ಎರಡು ಬೀದಿಯಲ್ಲೂ 25ನೇ ನಂಬರಿನ ಮನೆ ಇದ್ದ ಹಾಗೆ. ನಿಮ್ಮ ಕೋಡ್ 25ರಿಂದ 25 ಕಳೆಯುತ್ತದೆ, ಸೊನ್ನೆ ಬರುತ್ತದೆ, "ಪಕ್ಕದ್ದು" ಅಂದುಕೊಂಡು ಬಿಸಾಡುತ್ತದೆ. ಎರಡನೇ ಫೈಲ್‌ನಲ್ಲಿ 125ರಿಂದ 25 ಕಳೆದರೆ 100. ಅದು ಪಾಸ್.

ಸಿಕ್ಕಿದವು ಯಾವುವು ಅಂತ ನೋಡಿದರೂ ಇದೇ ಗೊತ್ತಾಗುತ್ತದೆ. 1–99, 8–29 ಇವು ನಂಬರ್‌ನಲ್ಲಿ ದೂರ ಇರುವ ಜೋಡಿಗಳು. ಆದರೆ ಈ ಡೈಮರ್‌ನ ನಡುಭಾಗ ಎರಡು ಪಟ್ಟಿನ ಸಿಮೆಟ್ರಿ ಅಕ್ಷದ (ಅರ್ಧ ಸುತ್ತು ತಿರುಗಿಸಿದರೆ ಒಂದು ಚೈನ್ ಇನ್ನೊಂದರ ಜಾಗಕ್ಕೆ ಬರುವ ಅಕ್ಷ) ಮೇಲೆ ಕೂತಿದೆ. ಅಲ್ಲಿ ಒಂದು ಚೈನ್‌ನ ರೆಸಿಡ್ಯೂ ಇನ್ನೊಂದರ ಅದೇ ನಂಬರಿನದನ್ನೋ ಅದರ ನೆರೆಯನ್ನೋ ಮುಟ್ಟುತ್ತದೆ. 25–25, 26–26, ಫ್ಲಾಪ್ (ಎಂಜೈಮ್ ಕೆಲಸ ಮಾಡುವ ಜಾಗವನ್ನು ಮುಚ್ಚುವ ಬಾಗಿಲಿನಂಥ ಭಾಗ) ತುದಿಯಲ್ಲಿ 50–51, ತಳದ ಬೀಟಾ ಶೀಟ್‌ನಲ್ಲಿ 97ರ ಸುತ್ತಮುತ್ತಲಿನವು. ಡೈಮರ್ ಅನ್ನು ಹಿಡಿದಿಟ್ಟವುಗಳಲ್ಲಿ ಎಷ್ಟೋ ನಿಮ್ಮ ಫಿಲ್ಟರ್‌ನಲ್ಲೇ ಹೋಗಿವೆ. ದೂರದ ಕಟಾಫ್ ಎಷ್ಟು ಹೆಚ್ಚಿಸಿದರೂ ಅವು ವಾಪಸ್ ಬರುವುದಿಲ್ಲ.

ಪರಿಹಾರ ಚಿಕ್ಕದು. ಎರಡೂ ರೆಸಿಡ್ಯೂ ಒಂದೇ ಚೈನ್‌ನಲ್ಲಿದ್ದರೆ ಮಾತ್ರ ಆ ವ್ಯತ್ಯಾಸ ನೋಡಿ. ಚೈನ್ ಬೇರೆ ಆದರೆ ನೋಡಲೇಬೇಡಿ.

ಇನ್ನೊಂದು ಅನುಮಾನ. ಇದನ್ನು ಗ್ರಾಫ್ (ರೆಸಿಡ್ಯೂಗೊಂದು ನೋಡ್, ಕಾಂಟ್ಯಾಕ್ಟ್‌ಗೊಂದು ಗೆರೆ) ಮಾಡಿದ್ದರೆ ನೋಡ್ ಎಷ್ಟಿವೆ?

ಸುರುಳಿ:
99. ಅಯ್ಯೋ, 198 ಇರಬೇಕಿತ್ತು ಅಲ್ವಾ!

ಎಳೆಗಾರ:
ಅದೇ ಕಾಯಿಲೆ, ಬೇರೆ ಜಾಗ. ನೋಡ್‌ಗೆ ಹೆಸರು ಕೊಡುವಾಗ ಚೈನ್, ನಂಬರ್, ಇನ್ಸರ್ಷನ್ ಕೋಡ್ (ನಂಬರ್ ಜೊತೆ ಬರುವ ಅಕ್ಷರ) ಮೂರನ್ನೂ ಸೇರಿಸಿ. ಮೂರನೆಯದು ಈ ಫೈಲ್‌ಗೆ ಬೇಡ. ಆದರೆ ನಾಳೆ ಕಬಾಟ್ ಪದ್ಧತಿಯಲ್ಲಿ ನಂಬರ್ ಹಾಕಿದ ಆಂಟಿಬಾಡಿ ಫೈಲ್ ತೆಗೆದರೆ 82ರ ನಂತರ 82ಎ, 82ಬಿ, 82ಸಿ ಬರುತ್ತವೆ. ಬಯೋಪೈಥಾನ್‌ನಲ್ಲಿ ರೆಸಿಡ್ಯೂ ಐಡಿ ಮೂರು ಭಾಗದ್ದು. ನಡುವಿನ ನಂಬರ್ ಒಂದನ್ನೇ ಎತ್ತಿಕೊಂಡರೆ ನಾಲ್ಕು ರೆಸಿಡ್ಯೂ ಒಂದಾಗಿಬಿಡುತ್ತವೆ. ಯಾವ ಎರರೂ ಬರುವುದಿಲ್ಲ, ಅದೇ ಕಷ್ಟ.

ಹಾಳೆಬೀಟಾ:
ಇಷ್ಟೆಲ್ಲ ಯಾಕೆ? ಫೈಲ್ ಓದುವಾಗಲೇ ಎಲ್ಲ ರೆಸಿಡ್ಯೂಗೆ ಸಾಲಾಗಿ 0ಯಿಂದ 197ರವರೆಗೆ ಹೊಸ ನಂಬರ್ ಕೊಟ್ಟರೆ ಮುಗೀತು. ಒಂದು ನಂಬರ್ ಎರಡು ಸಲ ಬರುವ ಪ್ರಶ್ನೆಯೇ ಇಲ್ಲ.

ಎಳೆಗಾರ:
ಹಾಗೆ ಮಾಡಿದರೆ ಎ ಚೈನ್‌ನ ಕೊನೆಯದು 98, ಬಿ ಚೈನ್‌ನ ಮೊದಲನೆಯದು 99. ಅವು "ಪಕ್ಕಪಕ್ಕ" ಆಗಿಬಿಡುತ್ತವೆ. ಎ ಚೈನ್‌ನ ಫಿನೈಲ್‌ಅಲನಿನ್ 99 ಮತ್ತು ಬಿ ಚೈನ್‌ನ ಪ್ರೋಲಿನ್ 1 ನಿಜವಾಗಿ ತಾಗಿಕೊಂಡಿರುವ ಜೋಡಿ. ಈಗ ಸಿಗುತ್ತಿರುವ ಅದೂ ಹೋಗುತ್ತದೆ. ತಮಾಷೆ ಅಂದರೆ ಅದರ ಪ್ರತಿಬಿಂಬ, ಎ ಚೈನ್‌ನ 1 ಮತ್ತು ಬಿ ಚೈನ್‌ನ 99, ಹಾಗೇ ಉಳಿಯುತ್ತದೆ.

ಒಂದೇ ಚೈನ್ ಒಳಗೂ ಸಾಲಿನ ನಂಬರ್ ನಂಬುವಂತಿಲ್ಲ. ಎಕ್ಸ್‌ರೇಯಲ್ಲಿ ಕಾಣದ ಲೂಪ್‌ಗಳು ಫೈಲ್‌ನಲ್ಲಿ ಇರುವುದಿಲ್ಲ. ನಡುವೆ 12 ರೆಸಿಡ್ಯೂ ಕಾಣೆಯಾಗಿದ್ದರೂ ಸಾಲಿನಲ್ಲಿ ಆ ಕಡೆಯದು ಈ ಕಡೆಯದು ಒಂದರ ಹಿಂದೆ ಒಂದು ಬರುತ್ತವೆ. ಪಿಡಿಬಿಯ ಇನ್ನೊಂದು ಫೈಲ್ ಬಗೆಯಾದ ಎಂಎಂಸಿಐಎಫ್ ಬಳಸಿದರೆ ಪೂರ್ತಿ ಸೀಕ್ವೆನ್ಸ್‌ಗೆ ಹೊಂದಿಸಿದ ನಂಬರ್ ಬೇರೆಯಾಗಿ ಸಿಗುತ್ತದೆ. ವ್ಯತ್ಯಾಸ ನೋಡಲು ಅದೇ ಒಳ್ಳೆಯದು.

ಹಾಳೆಬೀಟಾ:
ಓ, ಚೈನ್ ಕೊನೆ ನನಗೆ ಹೊಳೆದಿರಲಿಲ್ಲ. ಸರಿ.

ಸುರುಳಿ:
ಚೈನ್ ಷರತ್ತು ಹಾಕಿದೆ, 25ರ ಜೋಡಿ ಬಂತು, 26ರದ್ದೂ ಬಂತು. ನೋಡ್ 198. ಈಗ ಇನ್ನೊಂದು ತಕರಾರು. ಸ್ನೇಹಿತರೊಬ್ಬರು ಇದೇ ಫೈಲ್‌ಗೆ ಸಿ-ಬೀಟಾ (ಸೈಡ್ ಚೈನ್ ಅಂದರೆ ಅಮೈನೋ ಆಮ್ಲದ ಕವಲಿನ ಮೊದಲ ಇಂಗಾಲ) 8 ಆಂಗ್‌ಸ್ಟ್ರಾಮ್ ಲೆಕ್ಕದಲ್ಲಿ ಪಟ್ಟಿ ಮಾಡಿದ್ದಾರೆ. ಅವರದಕ್ಕೂ ನನ್ನದಕ್ಕೂ ಹೊಂದುವುದಿಲ್ಲ, ಅದರಲ್ಲೂ ಫ್ಲಾಪ್ ಭಾಗದಲ್ಲಿ ಅವರ ಪಟ್ಟಿ ಬಹುತೇಕ ಖಾಲಿ. ಯಾರದು ಸರಿ?

ಎಳೆಗಾರ:
ಅವೆರಡೂ ಬೇರೆ ಬೇರೆ ಪ್ರಶ್ನೆಗಳು, ಪೂರ್ತಿ ಹೊಂದಬೇಕಾಗಿಲ್ಲ. ಲೈಸಿನ್, ಗ್ಲುಟಮೇಟ್ ತರಹ ಉದ್ದ ಕೈಯವು ತುದಿಯಲ್ಲಿ ಮುಟ್ಟಿಕೊಂಡಿದ್ದರೂ ಅವುಗಳ ಸಿ-ಬೀಟಾ 8ಕ್ಕಿಂತ ದೂರ ಇರಬಹುದು. ಸಿ-ಬೀಟಾಗಳು ಹತ್ತಿರ ಇದ್ದು ಸೈಡ್ ಚೈನ್‌ಗಳು ಬೆನ್ನು ತಿರುಗಿಸಿ ನಿಂತಿರುವುದೂ ಉಂಟು. ಸಿ-ಬೀಟಾ 8 ಎನ್ನುವುದು ಪ್ರೋಟೀನ್ ರಚನೆ ಊಹಿಸುವ ಕ್ಯಾಸ್ಪ್ ಸ್ಪರ್ಧೆಯಲ್ಲಿ ಕಾಂಟ್ಯಾಕ್ಟ್ ಊಹೆಗಳನ್ನು ಅಳೆಯಲು ಬಳಸಿದ ಅಳತೆ. ಮಡಿಕೆ ಹೇಗಿದೆ ಎಂದು ನೋಡಲು ಚೆನ್ನಾಗಿದೆ. ನಿಮಗೆ ಬೇಕಿರುವುದು ಏನು ಏನನ್ನು ಮುಟ್ಟುತ್ತಿದೆ ಅಂತ, ಆದ್ದರಿಂದ ನಾನಾದರೆ ನಿಮ್ಮ ಪರಮಾಣು ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ.

ಫ್ಲಾಪ್ ಖಾಲಿ ಇರುವುದಕ್ಕೆ ಮಾತ್ರ ಕಾರಣ ಬೇರೆ. ಅಲ್ಲಿ 48, 49, 51, 52 ನಾಲ್ಕೂ ಗ್ಲೈಸಿನ್. ಗ್ಲೈಸಿನ್‌ಗೆ ಸಿ-ಬೀಟಾ ಇಲ್ಲ. ಅವರ ಕೋಡ್ ಸಿ-ಬೀಟಾ ಸಿಗದಿದ್ದರೆ ಆ ರೆಸಿಡ್ಯೂ ಬಿಟ್ಟು ಮುಂದೆ ಹೋಗುತ್ತಿರಬೇಕು. ಗ್ಲೈಸಿನ್‌ಗೆ ಸಿ-ಆಲ್ಫಾ (ಬೆನ್ನೆಲುಬಿನ ಇಂಗಾಲ) ತೆಗೆದುಕೊಳ್ಳಲು ಹೇಳಿ.

ಸುರುಳಿ:
ಹೌದು, ಅವರು ಈಗ ತಾನೇ ನೋಡಿ ಅದೇ ಅಂದರು. ನನ್ನ ಪಟ್ಟಿ ಈಗ ಪೂರ್ತಿ ಸರಿ ಅಂತ ಹೇಗೆ ನಂಬುವುದು?

ಎಳೆಗಾರ:
ಎರಡೂ ಚೈನ್ ಒಂದೇ ಥರ ಇರುವ ಹೋಮೋಡೈಮರ್ ಆದ್ದರಿಂದ ಒಂದು ಸುಲಭದ ಪರೀಕ್ಷೆ ಇದೆ. ಎ ಚೈನ್‌ನ 8ಕ್ಕೂ ಬಿ ಚೈನ್‌ನ 29ಕ್ಕೂ ಕಾಂಟ್ಯಾಕ್ಟ್ ಇದ್ದರೆ, ಬಿ ಚೈನ್‌ನ 8ಕ್ಕೂ ಎ ಚೈನ್‌ನ 29ಕ್ಕೂ ಸಾಮಾನ್ಯವಾಗಿ ಇರಬೇಕು. ಚೈನ್ ಹೆಸರು ಅದಲು ಬದಲು ಮಾಡಿ ಎರಡು ಪಟ್ಟಿ ಹೋಲಿಸಿ. ಅಲ್ಲೊಂದು ಇಲ್ಲೊಂದು ತಪ್ಪಿದರೆ ಚಿಂತೆ ಬೇಡ. ಒಳಗೆ ಕೂತಿರುವ ಔಷಧ ಇಂಡಿನಾವಿರ್ ಸಿಮೆಟ್ರಿ ಇಲ್ಲದ ಅಣು, ಎರಡು ಬದಿಯನ್ನು ಒಂದೇ ಥರ ಒತ್ತುವುದಿಲ್ಲ. ಒಂದು ಕಡೆ ಗುಂಪಿಗೆ ಗುಂಪೇ ಕಾಣೆಯಾಗಿದ್ದರೆ ಮತ್ತೆ ಕೋಡ್ ನೋಡಬೇಕು.

ಮಡಿಕೆ:
ತಡವಾಗಿ ಬಂದೆ, ಒಂದು ಮಾತು ಸೇರಿಸುತ್ತೇನೆ. ಹೆಟಾಟಂ ಸಾಲುಗಳನ್ನೆಲ್ಲ (ನೀರು, ಔಷಧದಂಥ, ಮಾಮೂಲಿ ಅಮೈನೋ ಆಮ್ಲ ಅಲ್ಲದವುಗಳ ಸಾಲುಗಳು) ಒಟ್ಟಿಗೆ ತೆಗೆದಿದ್ದರೆ ಎರಡು ವಿಷಯ ಗಮನಿಸಿ. ಸೆಲೆನೋಮೆಥಿಯೋನಿನ್ (ಗಂಧಕದ ಬದಲು ಸೆಲೆನಿಯಂ ಇರುವ ಮೆಥಿಯೋನಿನ್) ಇರುವ ಫೈಲ್‌ಗಳಲ್ಲಿ ಅದೂ ಹೆಟಾಟಂ ಆಗಿಯೇ ಬರುತ್ತದೆ, ಚೈನ್‌ನ ಭಾಗವಾದರೂ ಕಳೆದುಹೋಗುತ್ತದೆ. ಇನ್ನು 1ಎಚ್‌ಎಸ್‌ಜಿಯಲ್ಲೇ ಒಂದು ನೀರಿನ ಅಣು ಎರಡೂ ಫ್ಲಾಪ್‌ನ ಐಸೋಲ್ಯೂಸಿನ್ 50ಕ್ಕೂ ಔಷಧಕ್ಕೂ ನಡುವೆ ನಿಂತು ಹೈಡ್ರೋಜನ್ ಬಾಂಡ್ ಕಟ್ಟಿದೆ. ನೀರು ತೆಗೆದರೆ ಆ ಕೊಂಡಿ ಪಟ್ಟಿಯಲ್ಲಿ ಬರುವುದೇ ಇಲ್ಲ. ನಾನು ರೆಸಿಡ್ಯೂ–ರೆಸಿಡ್ಯೂ ಒಂದು ಪಟ್ಟಿ, ನೀರಿನ ಮೂಲಕ ಸೇರುವವಕ್ಕೆ 3.5 ಆಂಗ್‌ಸ್ಟ್ರಾಮ್ ಕಟಾಫ್‌ನಲ್ಲಿ ಇನ್ನೊಂದು ಪಟ್ಟಿ ಇಡುತ್ತೇನೆ. ಎರಡನ್ನೂ ಬೆರೆಸುವುದಿಲ್ಲ.

ಸುರುಳಿ:
ಅದಲು ಬದಲು ಪರೀಕ್ಷೆ ಮಾಡಿದೆ, ನಾಲ್ಕಾರು ಜೋಡಿ ಬಿಟ್ಟರೆ ಎಲ್ಲ ಹೊಂದುತ್ತಿವೆ, ತಪ್ಪಿದವೂ ಇಂಡಿನಾವಿರ್ ಸುತ್ತಲಿನವೇ. ನೀರಿನ ಪಟ್ಟಿಯನ್ನು ಬೇರೆಯಾಗಿ ಮಾಡುತ್ತೇನೆ. ಈ ಚರ್ಚೆಗೆ "ಪರಿಹಾರವಾಗಿದೆ" ಗುರುತು ಹಾಕುತ್ತಿದ್ದೇನೆ.