ಪ್ರಾಕ್ಟೀಸ್‌ನಲ್ಲಿ ಚುರುಕು, ಮ್ಯಾಚ್‌ನಲ್ಲಿ ಮಂಕು: ಕ್ರೀಡಾ ಮನಶ್ಶಾಸ್ತ್ರಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (12 ವರ್ಷದ ಹುಡುಗಿಯ ಅಪ್ಪ): ನಮಸ್ತೆ ಮೇಡಂ. ಮಗಳು ಬ್ಯಾಡ್ಮಿಂಟನ್ ಆಡುತ್ತಾಳೆ. ಪ್ರಾಕ್ಟೀಸ್‌ನಲ್ಲಿ ತನಗಿಂತ ದೊಡ್ಡವರನ್ನೂ ಸೋಲಿಸುತ್ತಾಳೆ. ಟೂರ್ನಮೆಂಟ್ ಅಂದ ಕೂಡಲೇ ಕೈ ತಣ್ಣಗಾಗುತ್ತದೆ, ಶಾರ್ಟ್ ಸರ್ವ್ ನೆಟ್‌ಗೆ ಹೊಡೆಯುತ್ತದೆ. ಗೇಮ್ ಮುಗಿಯುವ ಹೊತ್ತಿಗೆ ಸ್ಕೋರ್ 18-18ರ ತನಕ ಬಂದು ಅಲ್ಲಿಂದ ಕೈಚೆಲ್ಲುತ್ತಾಳೆ. "ನಿನ್ನ ಕೈಲಿ ಆಗುತ್ತೆ, ಧೈರ್ಯವಾಗಿ ಆಡು" ಅಂತ ಎಷ್ಟು ಹೇಳಿದರೂ ಪ್ರಯೋಜನ ಆಗಿಲ್ಲ. ಆತ್ಮವಿಶ್ವಾಸ ತುಂಬುವುದು ಹೇಗೆ?

ಉತ್ತರ: ನಮಸ್ತೆ ಸರ್. ಬರೀ ಮಾತಿನಿಂದ ಆತ್ಮವಿಶ್ವಾಸ ತುಂಬುವುದು ಕಷ್ಟ. ಆಲ್ಬರ್ಟ್ ಬಂಡೂರಾ ಅನ್ನೋ ಮನಶ್ಶಾಸ್ತ್ರಜ್ಞರು 1977ರಲ್ಲಿ "ಇದು ನನ್ನಿಂದ ಆಗುತ್ತದೆ" ಅನ್ನೋ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ವಿವರಿಸಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ನೋಡುವುದು, ಬೇರೆಯವರ ಪ್ರೋತ್ಸಾಹದ ಮಾತು, ಆ ಹೊತ್ತಿನಲ್ಲಿ ತನ್ನ ದೇಹ ಹೇಗಿದೆ ಅನ್ನೋದು. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ನೀವು ಮೂರನೆಯದನ್ನು ಮಾತ್ರ ಹಿಡಿದುಕೊಂಡಿದ್ದೀರಿ. ಅವಳಿಗೂ ಗೊತ್ತಲ್ವಾ, 18-18ರಲ್ಲಿ ತಾನು ಗೆದ್ದೇ ಇಲ್ಲ ಅಂತ? ಹಾಗಿರುವಾಗ "ಆಗುತ್ತೆ" ಅಂದರೆ ಹೇಗೆ ನಂಬುತ್ತಾಳೆ?

ಅದಕ್ಕೇ ಆ 18-18ನ್ನು ಪ್ರಾಕ್ಟೀಸ್‌ಗೆ ತನ್ನಿ. ಕೋಚ್ ಹತ್ತಿರ ಮಾತಾಡಿ, ವಾರಕ್ಕೆ ಒಂದೆರಡು ದಿನ ಕೊನೆಯ ಅರ್ಧ ಗಂಟೆ ಗೇಮ್‌ಗಳನ್ನು 18-18ರಿಂದಲೇ ಶುರು ಮಾಡಿಸಲಿ. ಮೊದಲು ತನಗಿಂತ ಸ್ವಲ್ಪ ಕಡಿಮೆ ಆಡುವವರ ಜೊತೆ, ಆಮೇಲೆ ಸಮಸಮ ಇರುವವರ ಜೊತೆ, ಆಮೇಲೆ ಉಳಿದ ಮಕ್ಕಳೆಲ್ಲ ಸುತ್ತ ಕೂತು ನೋಡುವಾಗ. ಸರ್ವ್‌ಗೂ ಹೀಗೇ ಮಾಡಬಹುದು. ನೂರು ಸರ್ವ್ ಒಂದೇ ಸಮನೆ ಹೊಡೆದರೆ ಕೈ ಪಳಗುತ್ತದೆ, ಆದರೆ ಮ್ಯಾಚ್‌ನಲ್ಲಿ ಸಿಗುವುದು ಒಂದೇ ಅವಕಾಶ. ಹಾಗಾಗಿ ಬೇರೆ ಏನೋ ಡ್ರಿಲ್ ನಡೆಯುವಾಗ ಮಧ್ಯೆ ಕರೆದು "ಈಗ ಒಂದೇ ಒಂದು ಸರ್ವ್" ಅನ್ನಬೇಕು. ತಪ್ಪಿದರೆ ಶಿಕ್ಷೆ ಬೇಡ, ಸುಮ್ನೆ ಮುಂದಕ್ಕೆ ಹೋಗಬೇಕು.

ಕೈ ತಣ್ಣಗಾಗುವುದರ ಬಗ್ಗೆ ಅವಳ ಜೊತೆ ಬಿಡಿಸಿ ಮಾತಾಡಿ. ಎದೆ ಬಡಿತ ಜೋರಾದಾಗ ದೇಹ ರಕ್ತವನ್ನು ದೊಡ್ಡ ಸ್ನಾಯುಗಳ ಕಡೆ ತಳ್ಳುತ್ತದೆ, ಬೆರಳಿಗೆ ಕಡಿಮೆ ಹೋಗುತ್ತದೆ. ಸ್ಮ್ಯಾಷ್ ಹೊಡೆಯಲು ಆ ಜೋರು ಉಪಯೋಗಕ್ಕೆ ಬರುತ್ತದೆ, ಶಾರ್ಟ್ ಸರ್ವ್‌ನಂಥ ನಾಜೂಕು ಕೆಲಸಕ್ಕೆ ಅಡ್ಡ ಬರುತ್ತದೆ. ಇದು ತಿಳಿದರೆ "ನನಗೇನೋ ಆಗ್ತಿದೆ" ಅನ್ನೋ ಹೆದರಿಕೆ ಅರ್ಧ ಇಳಿಯುತ್ತದೆ. ಇನ್ನೊಂದು ವಿಷಯ, ಒತ್ತಡದಲ್ಲಿ ಮಕ್ಕಳು ಮಣಿಕಟ್ಟು ಹೇಗೆ ತಿರುಗಿಸಬೇಕು, ಮೊಣಕೈ ಎಲ್ಲಿರಬೇಕು ಅಂತ ಯೋಚಿಸಲು ಶುರು ಮಾಡುತ್ತಾರೆ. ಕೈಗೆ ತಾನಾಗೇ ಬರುವ ಕೆಲಸವನ್ನು ತಲೆ ಹಿಡಿದುಕೊಂಡರೆ ಅದು ಕೆಡುತ್ತದೆ. ಅದಕ್ಕೆ ಸರ್ವ್‌ಗೆ ಮುಂಚೆ ಒಂದು ಪುಟ್ಟ ಕ್ರಮ ಇಟ್ಟುಕೊಳ್ಳಲಿ: ಬೆರಳುಗಳನ್ನು ತಿಕ್ಕಿ ಬಿಸಿ ಮಾಡಿಕೊಳ್ಳುವುದು, ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು, ಶಟಲ್ ಬೀಳಬೇಕಾದ ಜಾಗ ನೋಡುವುದು, ಹೊಡೆಯುವುದು. ಅಷ್ಟೇ. ಪ್ರಾಕ್ಟೀಸ್‌ನಲ್ಲಿ ಪ್ರತಿ ಸರ್ವ್‌ಗೂ ಇದನ್ನೇ ಮಾಡಿದರೆ ಮಾತ್ರ ಮ್ಯಾಚ್‌ನಲ್ಲಿ ನೆನಪಿಗೆ ಬರುತ್ತದೆ.

ಅದೇ ಅಪ್ಪ: ಅಂದರೆ ಟೆನ್ಷನ್ ಪೂರ್ತಿ ಹೋಗುವುದೇ ಇಲ್ಲವಾ ಮೇಡಂ?

ಉತ್ತರ: ಹೋಗಬೇಕಾಗಿಯೂ ಇಲ್ಲ ಸರ್. "ಟೆನ್ಷನ್ ಮಾಡ್ಕೋಬೇಡ" ಅಂದಾಗ ಮಗುವಿಗೆ ಕೇಳಿಸುವುದು ಟೆನ್ಷನ್ ಆಗುವುದೇ ತಪ್ಪು ಅಂತ. 2014ರಲ್ಲಿ ಅಲಿಸನ್ ವುಡ್ ಬ್ರೂಕ್ಸ್ ಅನ್ನೋ ಸಂಶೋಧಕಿಯ ಪ್ರಯೋಗಗಳು ಪ್ರಕಟವಾದವು. ಹಾಡು, ಭಾಷಣ, ಗಣಿತದ ಪರೀಕ್ಷೆಗೆ ಮುಂಚೆ "ನನಗೆ ಹುರುಪು ಬಂದಿದೆ" ಅಂದುಕೊಂಡವರು "ನಾನು ಶಾಂತವಾಗಿದ್ದೇನೆ" ಅಂತ ಹೇಳಿಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಅವು ಆಟದ ಪ್ರಯೋಗಗಳಲ್ಲ, ನಿಜ. ಆದರೂ ಎದೆ ಹೊಡೆದುಕೊಳ್ಳುತ್ತಿರುವಾಗ ಶಾಂತವಾಗಿದ್ದೇನೆ ಅಂತ ನಟಿಸುವುದಕ್ಕಿಂತ "ದೇಹ ರೆಡಿಯಾಗುತ್ತಿದೆ" ಅಂದುಕೊಳ್ಳುವುದು ಮಕ್ಕಳಿಗೂ ಸುಲಭ. ಒಮ್ಮೆ ಹೇಳಿಕೊಟ್ಟು ನೋಡಿ.

ಪ್ರಶ್ನೆ (10 ವರ್ಷದ ಹುಡುಗನ ಅಮ್ಮ): ಮೇಡಂ, ಮಗ ಈಜುತ್ತಾನೆ. ನಮ್ಮ ಯಜಮಾನರು ಗ್ಯಾಲರಿಯಲ್ಲಿ ಸ್ಟಾಪ್‌ವಾಚ್ ಹಿಡಿದೇ ಕೂರುತ್ತಾರೆ. ವಾಪಸ್ ಬರುವಾಗ ಕಾರಲ್ಲಿ ಟರ್ನ್ ಲೇಟಾಯ್ತು, ಸ್ಟಾರ್ಟ್ ಸರಿ ಇಲ್ಲ, ಪಕ್ಕದ ಲೇನ್ ಹುಡುಗನನ್ನು ನೋಡು ಅಂತ ಮನೆ ತಲುಪುವ ತನಕ ಹೇಳುತ್ತಾರೆ. ಅವರಿಗೆ ಅವನ ಮೇಲೆ ಜೀವ, ಅದು ನನಗೆ ಗೊತ್ತು. ಆದರೆ ಈಚೆಗೆ ಸ್ಪರ್ಧೆ ಇರುವ ದಿನ ಬೆಳಗ್ಗೆ ಅವನಿಗೆ ಹೊಟ್ಟೆನೋವು. ಡಾಕ್ಟರ್ ಏನೂ ತೊಂದರೆ ಇಲ್ಲ ಅಂದರು.

ಉತ್ತರ: ಅಮ್ಮಾ, ಮೊದಲು ಒಂದು ಮಾತು, ಆ ಹೊಟ್ಟೆನೋವು ನಾಟಕ ಅಲ್ಲ. ಆತಂಕ ಆದಾಗ ಮಕ್ಕಳಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಅವನನ್ನು ಯಾರೂ ಆಡಿಕೊಳ್ಳದ ಹಾಗೆ ನೋಡಿಕೊಳ್ಳಿ.

ಸ್ಪರ್ಧೆ ಮುಗಿದ ಮೇಲಿನ ಆ ಕಾರಿನ ಪ್ರಯಾಣದ ಬಗ್ಗೆ ನನಗೆ ತುಂಬಾ ಕಾಳಜಿ ಇದೆ. ಮಗು ದಣಿದಿರುತ್ತದೆ, ಸೋತಿದ್ದರೆ ಒಳಗೊಳಗೇ ಕುದಿಯುತ್ತಿರುತ್ತದೆ, ಎದ್ದು ಹೋಗಲು ಜಾಗವೂ ಇಲ್ಲ. ಆ ಹೊತ್ತಿನಲ್ಲಿ ಹೇಳಿದ ತಾಂತ್ರಿಕ ವಿಷಯ ಒಂದೂ ತಲೆಗೆ ಹೋಗುವುದಿಲ್ಲ. ಹೋಗುವುದು ಒಂದೇ: ಟೈಮಿಂಗ್ ಚೆನ್ನಾಗಿ ಬಂದರೆ ಅಪ್ಪನಿಗೆ ಖುಷಿ, ಇಲ್ಲದಿದ್ದರೆ ಇಲ್ಲ. ಹತ್ತು ವರ್ಷದ ಮಗು ಇದನ್ನು "ನಾನು ಬೇಕಾ ಬೇಡವಾ" ಅನ್ನೋ ಪ್ರಶ್ನೆ ಮಾಡಿಕೊಳ್ಳುತ್ತದೆ. ಆಮೇಲೆ ಪ್ರತಿ ರೇಸ್‌ನಲ್ಲೂ ಅವನು ನೀರಿನ ಜೊತೆ ಅಲ್ಲ, ಆ ಪ್ರಶ್ನೆಯ ಜೊತೆ ಈಜುತ್ತಿರುತ್ತಾನೆ.

ಯಜಮಾನರಿಗೆ ಹೀಗೆ ಹೇಳಿ ನೋಡಿ: ಸ್ಟಾಪ್‌ವಾಚ್ ಕೋಚ್ ಕೈಯಲ್ಲಿರಲಿ. ಸ್ಪರ್ಧೆ ಮುಗಿದ ದಿನ ಆಟದ ವಿಷಯವನ್ನು ಮಗನೇ ತೆಗೆದರೆ ಮಾತ್ರ ಮಾತು. "ನೀನು ಈಜೋದನ್ನು ನೋಡೋಕೆ ನನಗೆ ಇಷ್ಟ" ಅಂತ ಒಂದು ಸಲ ಹೇಳಿದರೆ ಸಾಕು, ಗೆದ್ದ ದಿನವೂ ಅದೇ, ಸೋತ ದಿನವೂ ಅದೇ. ಮಾರನೇ ದಿನ ಬೇಕಾದರೆ "ಯಾವುದು ಸರಿ ಬಂತು, ಮುಂದಿನ ಸಲ ಏನು ಬೇರೆ ಮಾಡ್ತೀಯಾ" ಅಂತ ಕೇಳಬಹುದು, ಕೇಳಿ ಸುಮ್ಮನಿರಬೇಕು. ಪಕ್ಕದ ಲೇನ್ ಹುಡುಗನ ಹೆಸರು ಎತ್ತಲೇಬಾರದು. ಆ ಹುಡುಗನ ವೇಗ ನಿಮ್ಮ ಮಗನ ಕೈಯಲ್ಲಿಲ್ಲ. ಜೊತೆಗೆ ಈ ವಯಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬೆಳೆಯುತ್ತಾರೆ. ಇವತ್ತು ಮುಂದಿರುವವನು ಬೇಗ ಉದ್ದ ಬೆಳೆದವನು ಅಷ್ಟೇ ಇರಬಹುದು.

ಹೊಗಳುವಾಗಲೂ ಸ್ವಲ್ಪ ಎಚ್ಚರ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅನ್ನೋ ಮನಶ್ಶಾಸ್ತ್ರಜ್ಞೆಯರು ಮಕ್ಕಳಿಗೆ ಚಿತ್ರವಿನ್ಯಾಸದ ಒಗಟು ಕೊಟ್ಟು ನೋಡಿದ ವರದಿ ಪ್ರಕಟಿಸಿದರು. "ನೀನು ಜಾಣ" ಅಂತ ಹೊಗಳಿಸಿಕೊಂಡ ಮಕ್ಕಳು ಆಮೇಲೆ ಕಷ್ಟದ ಒಗಟಿನಲ್ಲಿ ಎಡವಿದಾಗ ಮುಂದುವರಿಸಲು ಅಷ್ಟು ಆಸಕ್ತಿ ತೋರಿಸಲಿಲ್ಲ. "ಚೆನ್ನಾಗಿ ಶ್ರಮ ಪಟ್ಟೆ" ಅನ್ನಿಸಿಕೊಂಡವರು ಪ್ರಯತ್ನ ಮುಂದುವರಿಸಲು ಹೆಚ್ಚು ಬಯಸಿದರು. ಆದ್ದರಿಂದ "ನೀನು ಹುಟ್ಟು ಈಜುಗಾರ" ಅನ್ನೋದಕ್ಕಿಂತ "ಕೊನೆಯ 15 ಮೀಟರ್ ಕೈ ನೋಯುತ್ತಿದ್ದರೂ ಸ್ಟ್ರೋಕ್ ಕೆಡಲು ಬಿಡಲಿಲ್ಲ ನೀನು" ಅನ್ನುವುದು ಒಳ್ಳೆಯದು. ಆದರೆ ಅದು ನಿಜವಾಗಿರಬೇಕು. ಸುಳ್ಳು ಹೊಗಳಿಕೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ (16 ವರ್ಷ, ಫುಟ್‌ಬಾಲ್ ಗೋಲ್‌ಕೀಪರ್): ಅಕ್ಕಾ, ಒಂದು ಗೋಲ್ ಬಿಟ್ಟರೆ ಆಮೇಲೆ ನನ್ನ ತಲೆ ಓಡೋದೇ ಇಲ್ಲ. ಅದರ ಹಿಂದೆಯೇ ಇನ್ನೊಂದು ಗೋಲ್ ಬೀಳುತ್ತೆ. ರಾತ್ರಿಯೆಲ್ಲ ಅದೇ ಕಣ್ಣ ಮುಂದೆ ಬರುತ್ತೆ. ಟೀಮ್ ಸೋತಿದ್ದು ನನ್ನಿಂದಲೇ ಅನ್ಸುತ್ತೆ.

ಉತ್ತರ: ನೀನು ಆರಿಸಿಕೊಂಡಿರುವ ಜಾಗವೇ ಹಾಗೆ ಕಣೋ. ಫಾರ್ವರ್ಡ್ ಐದು ಅವಕಾಶ ಹಾಳು ಮಾಡಿದರೂ ಸ್ಕೋರ್‌ಬೋರ್ಡ್‌ನಲ್ಲಿ ಕಾಣುವುದಿಲ್ಲ, ನಿನ್ನದು ಮಾತ್ರ ಕಾಣುತ್ತದೆ. ಚೆಂಡು ನಿನ್ನ ತನಕ ಬರಬೇಕಾದರೆ ಎಷ್ಟು ಜನರನ್ನು ದಾಟಿ ಬಂದಿರುತ್ತದೆ ಅನ್ನೋದನ್ನೂ ನೆನಪಿಟ್ಟುಕೋ. ದೊಡ್ಡ ವೃತ್ತಿಪರ ಲೀಗ್‌ಗಳಲ್ಲೂ ಪೆನಾಲ್ಟಿಗಳಲ್ಲಿ ಸುಮಾರು ನಾಲ್ಕಕ್ಕೆ ಮೂರು ಗೋಲ್ ಆಗುತ್ತವೆ. ಜಗತ್ತಿನ ಉತ್ತಮ ಕೀಪರ್‌ಗಳೂ ಬಿಡುತ್ತಾರೆ ಅಂತಾಯ್ತಲ್ಲ. ಬೇರೆ ಆಟದ್ದೂ ಒಂದು ಹೇಳುತ್ತೇನೆ. ಟೆನಿಸ್ ಆಟಗಾರ ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಭಾಷಣದಲ್ಲಿ ತನ್ನದೇ ಲೆಕ್ಕ ಹೇಳಿದರು: 1526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರ ಹತ್ತಿರ 80% ಗೆದ್ದಿದ್ದಾರೆ, ಆದರೆ ಪಾಯಿಂಟ್‌ಗಳನ್ನು ನೋಡಿದರೆ ಗೆದ್ದದ್ದು 54% ಮಾತ್ರ. ಹೆಚ್ಚುಕಮ್ಮಿ ಅರ್ಧದಷ್ಟು ಪಾಯಿಂಟ್ ಸೋತೂ ಅವರು ಫೆಡರರ್ ಆದರು. ಕಳೆದ ಪಾಯಿಂಟನ್ನು ಮುಂದಿನ ಪಾಯಿಂಟ್‌ಗೆ ಹೊತ್ತುಕೊಂಡು ಹೋಗಲಿಲ್ಲ, ಅದೇ ನೀನು ಕಲಿಯಬೇಕಾದದ್ದು.

ಅದನ್ನು ಕಲಿಯಬಹುದು. ಗೋಲ್ ಬಿದ್ದ ಮೇಲೆ ಸೆಂಟರ್‌ನಿಂದ ಆಟ ಮತ್ತೆ ಶುರುವಾಗಲು ಸ್ವಲ್ಪ ಸಮಯ ಇರುತ್ತದಲ್ವಾ, ಅದು ನಿನ್ನದು. ಬಲೆಯಿಂದ ಚೆಂಡು ತೆಗೆದು ಎಸೆ. ಗ್ಲೌಸ್ ಪಟ್ಟಿ ಬಿಚ್ಚುತ್ತಾ "ಛೇ" ಅಂತ ಒಂದು ಸಲ ಬೈದುಕೋ, ಪರವಾಗಿಲ್ಲ. ಪಟ್ಟಿ ಮತ್ತೆ ಬಿಗಿಯುವಾಗ ಉದ್ದಕ್ಕೆ ಉಸಿರು ಬಿಡು, ಅಲ್ಲಿಗೆ ಆ ಗೋಲ್ ಮುಗಿಯಿತು. ಆಮೇಲೆ ತಕ್ಷಣ ಡಿಫೆಂಡರ್‌ಗಳಿಗೆ ಏನಾದರೂ ಕೆಲಸದ ಮಾತು ಜೋರಾಗಿ ಹೇಳು, "ಎಡಗಡೆ ನೋಡು", "ಹತ್ತಿರ ಬಾ", ಏನಾದರೂ. ಬಾಯಿ ಆಟದ ಬಗ್ಗೆ ಮಾತಾಡಿದರೆ ತಲೆಯೂ ಆಟಕ್ಕೆ ವಾಪಸ್ ಬರುತ್ತದೆ. ಇದನ್ನು ಪ್ರಾಕ್ಟೀಸ್‌ನಲ್ಲಿ ಪ್ರತಿ ಗೋಲ್‌ಗೂ ಮಾಡು.

ರಾತ್ರಿಯದ್ದಕ್ಕೆ ಒಂದು ನೋಟ್‌ಬುಕ್ ಇಡು. ಮ್ಯಾಚ್ ಆದ ಸಂಜೆ, ಮಲಗುವುದಕ್ಕೆ ತುಂಬಾ ಮುಂಚೆ, ಸರಿ ಹೋದ ಮೂರು ಸಂಗತಿ ಬರೆ, ಸರಿ ಮಾಡಬೇಕಾದ ಒಂದೇ ಸಂಗತಿ ಬರೆ, ಮುಚ್ಚಿಡು. ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮರುದಿನ ಎಲ್ಲಾ ತಪ್ಪೂ ದೊಡ್ಡದಾಗಿ ಕಾಣುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತದೆ, ಹೀಗೇನಾದರೂ ಇದ್ದರೆ ಇಲ್ಲಿ ಬರೆದು ಕಾಯಬೇಡ. ಇವತ್ತೇ ಮನೆಯಲ್ಲಿ ಹೇಳು, ಡಾಕ್ಟರ್ ಹತ್ತಿರ ಹೋಗು. ನನಗೂ ನೇರವಾಗಿ ಮೆಸೇಜ್ ಮಾಡು.

ಪ್ರಶ್ನೆ (ಒಬ್ಬರು ಕೋಚ್): ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಾವು ಬೈಸಿಕೊಂಡೇ ಬೆಳೆದವರು. ಮೆತ್ತಗೆ ಮಾತಾಡಿದರೆ ಮಕ್ಕಳು ಗಟ್ಟಿಯಾಗುವುದು ಹೇಗೆ? ಮ್ಯಾಚ್ ಯಾರೂ ಮೆತ್ತಗೆ ಆಡುವುದಿಲ್ಲ.

ಉತ್ತರ: ಬೇಜಾರೇನಿಲ್ಲ ಸರ್, ನೇರವಾಗಿ ಕೇಳಿದ್ದೀರಿ. ತರಬೇತಿ ಕಠಿಣವಾಗಿರಲಿ, ಅದರಲ್ಲಿ ನನ್ನ ತಕರಾರಿಲ್ಲ. ಅವಮಾನ ಮಾಡುವುದು ಮಾತ್ರ ಬೇರೆ ವಿಷಯ. ಅಮೆರಿಕದಲ್ಲಿ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಅನ್ನೋ ಸಂಶೋಧಕರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಒಂದು ಸಣ್ಣ ತರಬೇತಿ ಕೊಟ್ಟರು. ಚೆನ್ನಾಗಿ ಮಾಡಿದ್ದನ್ನು, ಶ್ರಮ ಪಟ್ಟಿದ್ದನ್ನು ಗಮನಿಸಿ ಹೇಳಿ, ತಪ್ಪು ಮಾಡಿದಾಗ ಧೈರ್ಯ ಹೇಳಿ ಹೇಗೆ ಸರಿ ಮಾಡಬೇಕು ಅಂತ ತೋರಿಸಿ, ಚುಚ್ಚಬೇಡಿ, ಇಷ್ಟೇ ಅದರ ಸಾರ. 1992ರಲ್ಲಿ ಬಂದ ಅವರ ತಂಡದ ವರದಿ ಪ್ರಕಾರ ಮುಂದಿನ ಸೀಸನ್‌ಗೆ ಆಟ ಬಿಟ್ಟ ಮಕ್ಕಳು ಆ ಕೋಚ್‌ಗಳ ಹತ್ತಿರ 5%, ಉಳಿದವರ ಹತ್ತಿರ 26%. ಗೆಲುವು ಸೋಲಿನಲ್ಲಿ ಎರಡೂ ಕಡೆ ವ್ಯತ್ಯಾಸ ಇರಲಿಲ್ಲ. ಅಂದರೆ ಬೈಯದೇ ಇದ್ದುದರಿಂದ ಯಾರೂ ಜಾಸ್ತಿ ಸೋಲಲಿಲ್ಲ, ಆದರೆ ಮಕ್ಕಳು ಉಳಿದುಕೊಂಡರು. ಬೈಸಿಕೊಂಡು ಗಟ್ಟಿಯಾದವರು ನಮ್ಮ ಕಣ್ಣ ಮುಂದೆ ಇದ್ದಾರೆ, ಬೈಸಿಕೊಂಡು ಆಟ ಬಿಟ್ಟವರು ಮೈದಾನದಲ್ಲಿ ಕಾಣಿಸುವುದೇ ಇಲ್ಲ ಅಲ್ವಾ.

ನಾಳೆಯಿಂದ ಒಂದು ಮಾಡಿ ನೋಡಿ. ತಪ್ಪಾದಾಗ "ಎಷ್ಟು ಸಲ ಹೇಳೋದು ನಿನಗೆ" ಅನ್ನುವ ಜಾಗದಲ್ಲಿ ಮಗುವಿಗೆ ಮುಂದಿನ ಚೆಂಡಿನಲ್ಲಿ ಮಾಡಲು ಸಾಧ್ಯವಿರುವ ಒಂದೇ ಸೂಚನೆ ಕೊಡಿ. "ಕಾಲು ಮೊದಲು ಹೋಗಲಿ", ಅಷ್ಟೇ. ಧ್ವನಿ ಜೋರಾಗಿದ್ದರೂ ತೊಂದರೆ ಇಲ್ಲ.

ಪ್ರಶ್ನೆ (14 ವರ್ಷದ ಜಿಮ್ನಾಸ್ಟ್ ಹುಡುಗಿಯ ಅಮ್ಮ): ಮೊಣಕಾಲಿನ ಗಾಯ ವಾಸಿಯಾಗಿದೆ, ಫಿಸಿಯೋ ಕೂಡ ಸರಿ ಅಂದಿದ್ದಾರೆ. ಆದರೆ ಆ ಒಂದು ಜಿಗಿತದ ಹತ್ತಿರ ಬಂದು ನಿಂತುಬಿಡುತ್ತಾಳೆ. "ಮನಸ್ಸು ಗಟ್ಟಿ ಮಾಡಿಕೊಂಡು ಹಾರಿಬಿಡು" ಅನ್ನಲಾ?

ಉತ್ತರ: ದಯವಿಟ್ಟು ಅನ್ನಬೇಡಿ. ಜಿಮ್ನಾಸ್ಟಿಕ್ಸ್‌ನಲ್ಲಿ ಅರೆಮನಸ್ಸಿನಿಂದ ಹಾರಿದರೆ ಕುತ್ತಿಗೆಗೇ ಅಪಾಯ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್‌ಗೆ ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಅನ್ನೋ ಅಂದಾಜೇ ತಪ್ಪಿತು. ಅವರು ತಂಡದ ಫೈನಲ್‌ನಲ್ಲಿ ಒಂದು ವಾಲ್ಟ್ (ಓಡಿಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ಹಾರುವುದು) ಆದ ಮೇಲೆ ಹಿಂದೆ ಸರಿದರು. ಆಗ ಎಷ್ಟೋ ಜನ ಟೀಕಿಸಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅವರೇ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ನಿಲ್ಲಬೇಕಾದಲ್ಲಿ ನಿಲ್ಲುವುದೂ ಗಟ್ಟಿ ಮನಸ್ಸಿನ ಕೆಲಸವೇ.

ಆ ಜಿಗಿತವನ್ನು ತುಂಡು ತುಂಡು ಮಾಡಿಸಿ. ಮೊದಲು ಬರೀ ಓಟ, ಆಮೇಲೆ ಫೋಮ್ ಪಿಟ್‌ಗೆ (ಸ್ಪಂಜಿನ ತುಂಡು ತುಂಬಿದ ಗುಂಡಿಗೆ) ಹಾರುವುದು, ಆಮೇಲೆ ದಪ್ಪ ಮ್ಯಾಟ್, ಕೋಚ್ ಕೈ ಆಸರೆ ಇಟ್ಟು, ಕೊನೆಗೆ ಆಸರೆ ಇಲ್ಲದೆ. ಪ್ರತಿ ಮೆಟ್ಟಿಲಲ್ಲೂ ಹೆದರಿಕೆಗೆ ಹತ್ತಕ್ಕೆ ಎಷ್ಟು ಅಂಕ ಅಂತ ಅವಳನ್ನೇ ಕೇಳಿ. ಮೂರಕ್ಕೆ ಇಳಿದರೆ ಮುಂದಿನದು, ಏಳಕ್ಕೆ ಏರಿದರೆ ಒಂದು ಮೆಟ್ಟಿಲು ಹಿಂದೆ. ಯಾವಾಗ ಮುಂದೆ ಹೋಗಬೇಕು ಅನ್ನೋದನ್ನು ಅವಳು ಹೇಳಲಿ, ಕೋಚ್ ಒಪ್ಪಲಿ. ಮುಂದಿನ ಸ್ಪರ್ಧೆಯ ತಾರೀಕು ಹತ್ತಿರ ಇದೆ ಅಂತ ಈ ಕ್ರಮವನ್ನು ಓಡಿಸಬೇಡಿ, ಬೇಕಾದರೆ ಆ ಒಂದು ಜಿಗಿತ ಬಿಟ್ಟು ಸುಲಭದ್ದನ್ನು ಹಾಕಿಕೊಂಡು ಸ್ಪರ್ಧೆಗೆ ಇಳಿಯಲಿ.