ಅಪ್ಪೆಹುಳಿ ಬರಹದಲ್ಲಿ ರಮ್ಮಿ ಲಿಂಕ್ ಹಾಕಿದರೆ 3,000 ರೂಪಾಯಿ ಅಂತೆ, ಹಾಕಲಾ?

ತಂಬುಳಿಮನೆ:
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು. ಆರು ವರ್ಷದಿಂದ ಅಡುಗೆ ಬ್ಲಾಗ್ ಬರೆಯುತ್ತಿದ್ದೇನೆ. ತಂಬುಳಿ, ಅಪ್ಪೆಹುಳಿ, ತೆಳ್ಳೇವು (ತೆಳು ದೋಸೆ), ಇಂಥವೇ. ತಿಂಗಳಿಗೆ ನಾಲ್ಕು ಸಾವಿರ ಜನ ಬರುತ್ತಾರೆ. ಇದುವರೆಗೆ ಒಂದು ಪೈಸೆ ಹುಟ್ಟಿಲ್ಲ. ಡೊಮೈನ್ ದುಡ್ಡನ್ನೂ ನಾನೇ ಕಟ್ಟುತ್ತೇನೆ.

ಮೊನ್ನೆ ಒಂದು ಮೇಲ್ ಬಂತು. ಹಳೇ ಅಪ್ಪೆಹುಳಿ ಬರಹದ ನಡುವೆ ಒಂದು ರಮ್ಮಿ ಸೈಟಿನ ಲಿಂಕ್ ಸೇರಿಸಿದರೆ 3,000 ಕೊಡುತ್ತಾರಂತೆ. ಲಿಂಕ್ 'ಡು-ಫಾಲೋ' ಇರಬೇಕಂತೆ, ಜಾಹೀರಾತು ಅಂತ ಎಲ್ಲೂ ಬರೆಯಬಾರದಂತೆ. ಅಪ್ಪೆಹುಳಿಗೂ ರಮ್ಮಿಗೂ ಏನು ನಂಟೋ! ನಮ್ಮ ಯಜಮಾನರು "ಕೂತಲ್ಲಿ ಬರುವ ದುಡ್ಡು, ಹಾಕು" ಎನ್ನುತ್ತಾರೆ. ನನಗೆ ಯಾಕೋ ಅಳುಕು. ಲಿಂಕಿನಿಂದ ನೆಟ್ಟಗೆ ದುಡಿಯುವ ದಾರಿ ಇದೆಯಾ?

ಕಿರುದಾರಿ:
ರಮ್ಮಿ ಬೇಡವೇ ಬೇಡ ಮೇಡಂ. 2025ರ ಆಗಸ್ಟಿನಲ್ಲಿ ಬಂದ ಕೇಂದ್ರ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಜೊತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. 3,000ಕ್ಕೆ ಆ ತಲೆನೋವು ಯಾಕೆ?

ಹಳೇಬೈಕು:
ನಾನು ಈ ಗುಂಡಿಗೆ ಬಿದ್ದು ಎದ್ದವನು, ಕೇಳಿ. ನನ್ನದು ಬೈಕ್ ತಿರುಗಾಟದ ಬ್ಲಾಗ್. 2018ರಲ್ಲಿ ಹೀಗೇ ಮೇಲ್ ಬಂತು. ಸಾಲ ಕೊಡುವ ಸೈಟ್, ಸೂಟ್‌ಕೇಸ್ ಅಂಗಡಿ, ಹೀಗೆ ಏಳು ಲಿಂಕ್ ಮಾರಿದೆ. ಅವರಿಗೆ ನಿಮ್ಮ ಓದುಗರು ಬೇಕಿಲ್ಲ ಮೇಡಂ. ನಿಮ್ಮ ಪುಟದಿಂದ ಹೋಗುವ ಲಿಂಕನ್ನು ಗೂಗಲ್ ಒಂದು ಶಿಫಾರಸಿನ ಹಾಗೆ ನೋಡುತ್ತದಲ್ಲ, ಅದನ್ನು ಕೊಳ್ಳುತ್ತಾರೆ. ಅದಕ್ಕೇ ಹಳೇ ಬರಹ, ಅದಕ್ಕೇ ಡು-ಫಾಲೋ, ಅಂದರೆ ಗೂಗಲ್ ಶಿಫಾರಸು ಎಂದು ಎಣಿಸುವ ಲಿಂಕ್.

ದುಡ್ಡು ಪಡೆದ ಲಿಂಕಿಗೆ ಗುರುತು ಹಾಕಿ ಎಂದು ಗೂಗಲ್ ಹೇಳುತ್ತದೆ. ಇದನ್ನು ಶಿಫಾರಸು ಎಂದು ಎಣಿಸಬೇಡ ಎನ್ನುವ 'ನೋಫಾಲೋ' ಗುರುತು 2005ರಿಂದ ಇದೆ, 2019ರಲ್ಲಿ ದುಡ್ಡಿನ ಲಿಂಕಿಗೆಂದೇ 'ಸ್ಪಾನ್ಸರ್ಡ್' ಎಂಬುದೂ ಬಂತು. ನಾನು ಹಾಕಲಿಲ್ಲ. ಒಂದು ದಿನ ಸರ್ಚ್ ಕನ್ಸೋಲ್ (ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಪುಟ) ತೆರೆದರೆ ನೋಟಿಸ್: ನಿಮ್ಮ ಸೈಟಿನಿಂದ ಅಸಹಜ ಲಿಂಕ್‌ಗಳು ಹೋಗುತ್ತಿವೆ ಅಂತ. ಆಗುಂಬೆ ಘಾಟಿಯ ಬರಹ ಮೊದಲ ಪುಟದಿಂದ ಎಲ್ಲಿಗೋ ಜಾರಿತು. ಏಳೂ ಲಿಂಕ್ ಕಿತ್ತು, ತಪ್ಪೊಪ್ಪಿಕೊಂಡು ಮರುಪರಿಶೀಲನೆಗೆ ಅರ್ಜಿ ಹಾಕಿದೆ. ಕೊಂಡವರಲ್ಲಿ ಒಬ್ಬರು ದುಡ್ಡು ವಾಪಸ್ ಕೇಳಿದರು, ಕೊಟ್ಟೆ.

ಈಗ ಅಫಿಲಿಯೇಟ್ ಲಿಂಕ್ ಮಾತ್ರ. ಅಮೆಜಾನ್ ಅಸೋಸಿಯೇಟ್ಸ್ ಅಂತ ಇದೆ. ನಿಮ್ಮ ಲಿಂಕ್ ಒತ್ತಿ ಹೋದವರು 24 ಗಂಟೆಯೊಳಗೆ ಕೊಂಡರೆ ನಿಮಗೆ ಕಮಿಷನ್. ಹೆಲ್ಮೆಟ್ ನೋಡಲು ಹೋದವರು ಮಿಕ್ಸರ್ ಕೊಂಡರೂ ಬರುತ್ತದೆ. ಸೇರಿದ 180 ದಿನದಲ್ಲಿ ಮೂರು ಮಾರಾಟವಾದರೂ ಆಗಬೇಕು, ಇಲ್ಲದಿದ್ದರೆ ಖಾತೆ ಮುಚ್ಚುತ್ತಾರೆ. ನಾನು ಭಾವಮೈದನ ಹತ್ತಿರ ಕೊಳ್ಳಿಸಿ ನೋಡಿದೆ. ನೆಂಟರ ಖರೀದಿ ಲೆಕ್ಕಕ್ಕಿಲ್ಲ! ನನಗೆ ಮೊದಲ ತಿಂಗಳು ಬಂದದ್ದು 38 ರೂಪಾಯಿ. ಈಗ ಡೊಮೈನ್ ಖರ್ಚು ಕಳೆದು ಒಂದಿಷ್ಟು ಪೆಟ್ರೋಲಿಗೆ ಆಗುತ್ತದೆ, ಅಷ್ಟೇ. 'ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ' ಅಂತ ಬರಹದ ಮೇಲೇ ಬರೆದುಬಿಡಿ. ಬರೆದಿದ್ದಕ್ಕೆ ನನ್ನ ಓದುಗರು ಯಾರೂ ಬೇಜಾರಾಗಲಿಲ್ಲ.

ಕಿರುದಾರಿ:
ಎಲ್ಲಾ ಕಡೆ ಲಿಂಕ್ ತುಂಬಬೇಡಿ. ನಿಮ್ಮ ಓದುಗರು ಕಾಮೆಂಟಿನಲ್ಲಿ ಜಾಸ್ತಿ ಏನು ಕೇಳುತ್ತಾರೆ? ಅಲ್ಲಿಂದ ಶುರು ಮಾಡಿ.

ತಂಬುಳಿಮನೆ:
ಇಬ್ಬರಿಗೂ ಧನ್ಯವಾದ. ರಮ್ಮಿಯವರಿಗೆ ಆಗುವುದಿಲ್ಲ ಎಂದು ಬರೆದೆ. ಅರ್ಧ ಗಂಟೆಯಲ್ಲಿ 4,500 ಕೊಡುತ್ತೇವೆ ಎಂದರು. ಯಜಮಾನರಿಗೆ ಅದನ್ನು ಹೇಳಲಿಲ್ಲ.

ಓದುಗರು ಯಾವಾಗಲೂ ಕೇಳುವುದು ಒಂದೇ, ತೆಳ್ಳೇವಿಗೆ ಯಾವ ಕಾವಲಿ ಅಂತ. ನನ್ನದು ಅತ್ತೆಯವರ ಕಾಲದ್ದು, ಅದಕ್ಕೆ ಲಿಂಕ್ ಎಲ್ಲಿಂದ ತರಲಿ? ಬೀಡಿನ ಕಾವಲಿ ಒಂದು ತರಿಸುತ್ತೇನೆ, ನನ್ನ ಲಿಂಕಿನಿಂದಲ್ಲ ಬಿಡಿ. ತೆಳ್ಳೇವು ಹರಿಯದೆ ಎದ್ದು ಬಂದರೆ ಆಮೇಲೆ ಲಿಂಕಿನ ಮಾತು.