ಅಪ್‌ಡೇಟ್: ಲಿನನ್ ಬಟ್ಟೆ ಕೊನೆಗೂ ಮೆತ್ತಗಾಯಿತು

ಮುಖ ಒರೆಸುವ ಬಟ್ಟೆಯನ್ನು ಲಿನನ್ ನೂಲಲ್ಲಿ ಹೆಣೆದರೆ ಗೋಣಿಯ ಹಾಗೆ ಒರಟಾಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಸುಮ್ನೆ ಒಗೆದು ನೋಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್! ಪ್ರತಿ ಸಲ ಒಗೆದಾಗಲೂ ಇನ್ನಷ್ಟು ಮೆತ್ತಗಾಗುತ್ತಿದೆ. ಲಿನನ್ ಎಳೆ ಒದ್ದೆಯಾದಾಗ ಇನ್ನೂ ಗಟ್ಟಿ, ಹಾಗಾಗಿ ತಿಕ್ಕಿ ಒಗೆಯಲು ಹೆದರಬೇಕಿಲ್ಲ.

ಹೆಣೆಯುವಾಗ ಬರುತ್ತಿದ್ದ ಬೆರಳು ನೋವೂ ಕಡಿಮೆಯಾಗಿದೆ. ಹತ್ತಿಗೂ ಲಿನನ್‌ಗೂ ಉಣ್ಣೆಯಷ್ಟು ಹಿಗ್ಗುವ ಗುಣ ಇಲ್ಲ, ಅಲ್ವಾ? ಬಿಗಿಯಾಗಿ ಎಳೆದಷ್ಟೂ ಕೈಗೇ ಕಷ್ಟ. ಈಗ 4 ಮಿ.ಮೀ. ಬಿದಿರಿನ ಕಡ್ಡಿಯಲ್ಲಿ ಸಡಿಲವಾಗಿ ಹೆಣೆಯುತ್ತಿದ್ದೇನೆ. ನುಣುಪಾದ ನೂಲು ಅದರಲ್ಲಿ ಜಾಸ್ತಿ ಜಾರುವುದಿಲ್ಲ. ಗಾರ್ಟರ್ ಸ್ಟಿಚ್ಚೇ (ಎಲ್ಲ ಸಾಲನ್ನೂ ಒಂದೇ ಥರದ ಹೆಣಿಗೆಯಲ್ಲಿ ಹೆಣೆಯುವುದು) ನನಗೆ ಇಷ್ಟ. ಅಂಚು ಸುತ್ತಿಕೊಳ್ಳುವುದಿಲ್ಲ, ಆ ಉಬ್ಬು ಸಾಲುಗಳು ಕೊಳೆಯನ್ನೂ ಚೆನ್ನಾಗಿ ಉಜ್ಜಿ ತೆಗೆಯುತ್ತವೆ. ಮುಂದಿನದಕ್ಕೆ ಹತ್ತಿಯದೊಂದು ಎಳೆ, ಲಿನನ್‌ನದೊಂದು ಎಳೆ ಜೊತೆಗೆ ಹಿಡಿದು ಶುರು ಮಾಡಿದ್ದೇನೆ.